ಬ್ಯಾಟರಿಯ ಲೋಹ ಎಲ್ಲಿಂದ ಬಂತೆಂದು ತಿಳಿಯುವುದು ಹೇಗೆ?

ಪ್ರಶ್ನೆ:
ವಿದ್ಯುತ್ ವಾಹನಗಳ ಹಲವು ಬ್ಯಾಟರಿಗಳಲ್ಲಿ ಬಳಸುವ ಲೋಹ ಕೋಬಾಲ್ಟ್. ಜಗತ್ತಿನ ಕೋಬಾಲ್ಟ್‌ನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗಣಿಗಳಿಂದ ಬರುತ್ತದೆ. ಅಲ್ಲಿನ ಕೊಲ್ವೇಜಿ ನಗರದ ಸುತ್ತಮುತ್ತ, ಮಕ್ಕಳೂ ಸೇರಿದಂತೆ ಸಾವಿರಾರು ಜನ ಯಾವ ರಕ್ಷಣೆಯೂ ಇಲ್ಲದೆ ಅದಿರು ತೆಗೆಯುತ್ತಾರೆ. ಹೀಗಿರುವಾಗ ವಿದ್ಯುತ್ ವಾಹನದ ತಯಾರಕರು ‘ನಮ್ಮ ಲೋಹ ನ್ಯಾಯವಾಗಿ ಪಡೆದದ್ದು’ ಎಂದರೆ ಎಷ್ಟು ನಂಬಬಹುದು? ಕಾಂಗೋದ ಕೋಬಾಲ್ಟನ್ನು ಕೊಳ್ಳದೇ ಇರುವುದೇ ಸರಿಯಲ್ಲವೇ?

ಉತ್ತರ 1:
ಮೊದಲು ಅದಿರು ಸಾಗುವ ದಾರಿಯನ್ನು ನೋಡಬೇಕು. ಕೈಯಿಂದ ಅಗೆದವರು ಚೀಲಗಳನ್ನು ದಾಸ್ತಾನು ಮಳಿಗೆಗೆ ತಂದಾಗ, ಅಲ್ಲಿನ ವ್ಯಾಪಾರಿ ತೂಕ ಮಾಡಿ, ಲೋಹದ ಅಂಶ ಎಷ್ಟಿದೆಯೆಂದು ಕೈಯಲ್ಲಿ ಹಿಡಿಯುವ ಯಂತ್ರದಿಂದ ಅಳೆದು, ತಾನೇ ಬೆಲೆ ಕಟ್ಟುತ್ತಾನೆ. ಆ ಅಳತೆ ಸರಿಯೇ ಎಂದು ನೋಡಲು ಮಾರುವವನ ಬಳಿ ಏನೂ ಇರುವುದಿಲ್ಲ. ಹಲವು ಗುಂಡಿಗಳ ಅದಿರು ಅಲ್ಲಿಯೇ ಒಂದೇ ರಾಶಿಯಾಗುತ್ತದೆ, ಮುಂದೆ ದೊಡ್ಡ ಗಣಿಗಳ ಅದಿರಿನೊಂದಿಗೂ ಬೆರೆಯಬಹುದು. ಶುದ್ಧೀಕರಣಕ್ಕಾಗಿ ಆಮ್ಲದಲ್ಲಿ ಕರಗಿಸಿದ ಮೇಲಂತೂ ಮೂಲವನ್ನು ಗುರುತಿಸುವುದು ಬಹಳ ಕಷ್ಟ. ಆದ್ದರಿಂದ ತಯಾರಕರ ಹೇಳಿಕೆಗಿಂತ, ಮಳಿಗೆಯಲ್ಲೂ ಶುದ್ಧೀಕರಣ ಘಟಕದಲ್ಲೂ ಹೊರಗಿನವರು ತಪಾಸಣೆ ಮಾಡಿದ್ದಾರೆಯೇ ಎಂಬುದೇ ಮುಖ್ಯ.

ಕೊಳ್ಳದೇ ಇರುವುದನ್ನು ನಾನು ಒಪ್ಪಲಾರೆ. ಬೇರೆ ಹೊಟ್ಟೆಪಾಡಿಲ್ಲದ ಕುಟುಂಬಗಳು ಅಗೆಯುವುದನ್ನು ಬಿಡುವುದಿಲ್ಲ. ಇನ್ನೂ ಕಡಿಮೆ ಬೆಲೆಗೆ, ಯಾರ ಕಣ್ಣಿಗೂ ಬೀಳದಂತೆ ಮಾರುತ್ತವೆ.

ಉತ್ತರ 2:
ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೆ ಚರ್ಚೆ ಕೋಬಾಲ್ಟ್‌ಗೆ ಮಾತ್ರ ನಿಲ್ಲಬಾರದು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ ಬ್ಯಾಟರಿಯಲ್ಲಿ ಕೋಬಾಲ್ಟ್ ಇಲ್ಲ, ನಿಕಲ್ ಎಂಬ ಇನ್ನೊಂದು ಲೋಹವೂ ಇಲ್ಲ. ನಿಕಲ್ ಬಳಸುವ ಬ್ಯಾಟರಿಗಳ ಮಟ್ಟಿಗೆ ಇಂಡೋನೇಷ್ಯಾವನ್ನು ಗಮನಿಸಬೇಕು: 2020ರಲ್ಲಿ ಅದು ಕಚ್ಚಾ ಅದಿರಿನ ರಫ್ತನ್ನು ನಿಷೇಧಿಸಿ ಸಂಸ್ಕರಣೆಯನ್ನು ದೇಶದೊಳಗೇ ಬೆಳೆಸಿತು, ಇಂದು ಜಗತ್ತಿನ ನಿಕಲ್‌ನ ಅರ್ಧಕ್ಕಿಂತ ಹೆಚ್ಚು ಅಲ್ಲಿಂದ ಬರುತ್ತದೆ. ಆದರೆ ಆ ದೇಶದ ಸುಲಾವೆಸಿ ದ್ವೀಪದ ನಿಕಲ್ ಕುಲುಮೆಗಳಿಗೆಂದೇ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಎದ್ದು ನಿಂತಿವೆ. ಹೊಗೆ ಉಗುಳದ ವಾಹನಕ್ಕಾಗಿ ಕಲ್ಲಿದ್ದಲು ಉರಿಯುವುದನ್ನು ಕಂಡು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಉತ್ತರ 3:
ಕಾನೂನಿನಲ್ಲಿ ನನಗೆ ಭರವಸೆಯಿದೆ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದಂತೆ, 2027ರ ಫೆಬ್ರವರಿಯಿಂದ ಅಲ್ಲಿ ಮಾರಾಟವಾಗುವ ವಿದ್ಯುತ್ ವಾಹನದ ಬ್ಯಾಟರಿಗೆ, ಅದರ ವಸ್ತುಗಳ ವಿವರವನ್ನು ದಾಖಲಿಸುವ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. 2031ರಿಂದ ಅದರ ಕೋಬಾಲ್ಟ್‌ನಲ್ಲಿ ಕನಿಷ್ಠ ಶೇ. 16, ಲಿಥಿಯಂ ಮತ್ತು ನಿಕಲ್‌ನಲ್ಲಿ ತಲಾ ಶೇ. 6 ಮರುಬಳಕೆಯದ್ದಾಗಿರಬೇಕು. ಪ್ರಮಾಣ ಕಡಿಮೆ ಎನಿಸಬಹುದು. ಆದರೆ ಇಂದು ಮಾರಾಟವಾದ ಬ್ಯಾಟರಿ ಗುಜರಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಗುವುದರಿಂದ ಅಲ್ಲಿಯವರೆಗೆ ಗಣಿಗಳನ್ನು ಬಿಟ್ಟು ದಾರಿಯಿಲ್ಲ. ಹಾಗಾಗಿ ಮರುಬಳಕೆಯ ನೆಪದಲ್ಲಿ ಗಣಿಯ ತಪಾಸಣೆಯನ್ನು ಮುಂದೂಡಬಾರದು.