ಅಪ್‌ಡೇಟ್: ಎಂಟನೆಯ ತರಗತಿಯಲ್ಲಿ ಭಾಮಿನಿ ಷಟ್ಪದಿ

ಸಾರಾಂಶ ಬರೆದುಕೊಳ್ಳಲು ಕಾಯುತ್ತ ಕುಳಿತಿರುವ ಎಂಟನೆಯ ತರಗತಿಯ ಮಕ್ಕಳಿಗೆ ನಡುಗನ್ನಡ ಕಾವ್ಯದ ರುಚಿ ಹತ್ತಿಸುವುದು ಹೇಗೆಂದು ಈ ಹಿಂದೆ ಕೇಳಿದ್ದೆ. ಅರ್ಥ ಹೇಳುವ ಮೊದಲು ಪದ್ಯ ಕಿವಿಗೆ ಬೀಳಲಿ ಎಂದು ಹಲವರು ಸೂಚಿಸಿದ್ದಿರಿ. ಅದರಂತೆ ಪಾಠ ಮಾಡಿದಾಗ ಕಂಡದ್ದನ್ನು ಇಲ್ಲಿ ತಿಳಿಸುತ್ತಿದ್ದೇನೆ.

ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯಗಳಲ್ಲಿರುವ ಕುಮಾರವ್ಯಾಸ ಭಾರತದ ವಿರಾಟಪರ್ವದಿಂದ ಉತ್ತರಕುಮಾರನ ಪ್ರಸಂಗವನ್ನು ಆರಿಸಿಕೊಂಡು, ಮೊದಲು ಗಮಕ ವಾಚನವನ್ನು, ಅಂದರೆ ಪದ್ಯವನ್ನು ರಾಗವಾಗಿ ಓದುವುದನ್ನು, ಕೇಳಿಸಿದೆ. ಬಳಿಕ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ನಡೆಗೆ ಮಕ್ಕಳಿಂದಲೇ ಚಪ್ಪಾಳೆ ಹಾಕಿಸಿದೆ. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳು 14 ಮಾತ್ರೆಗಳಿಗೆ ನಿಂತರೆ, ಮೂರನೆಯ ಮತ್ತು ಆರನೆಯ ಸಾಲುಗಳು 23 ಮಾತ್ರೆಗಳವರೆಗೆ ಹರಿಯುತ್ತವೆ ಎಂಬುದನ್ನು ಪ್ರಸ್ತಾರ ಹಾಕುವ, ಅಂದರೆ ಅಕ್ಷರಗಳಿಗೆ ಲಘು-ಗುರು ಗುರುತು ಹಾಕುವ, ಮೊದಲೇ ಅವರ ಕೈಗಳು ಗುರುತಿಸಿದವು. ಛಂದಸ್ಸನ್ನು ವ್ಯಾಕರಣದ ಅವಧಿಗೆ ಎತ್ತಿಡದೆ ಪದ್ಯದೊಳಗೇ ಕಲಿಸಬೇಕೆಂಬ ನನ್ನ ನಂಬಿಕೆ ಇದರಿಂದ ಗಟ್ಟಿಯಾಗಿದೆ.

ಅಂತಃಪುರದ ಹೆಂಗಳೆಯರ ಮುಂದೆ ಕೊಚ್ಚಿಕೊಂಡಿದ್ದ ಉತ್ತರ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಭಾಗಕ್ಕೆ ಬಂದಾಗ, "ಉತ್ತರನ ಪೌರುಷ ಒಲೆಯ ಮುಂದೆ" ಎಂಬ ಗಾದೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳಿಂದ ಕೇಳಿಬಂತು. ಅಜ್ಜಿಯ ಬಾಯಲ್ಲಿ ಕೇಳುತ್ತಿದ್ದ ಮಾತಿನ ಹಿಂದೆ ಇಂಥದೊಂದು ಕಥೆಯಿದೆಯೆಂದು ಆ ಹುಡುಗಿಗೆ ತಿಳಿದದ್ದು ಆಗಲೇ. ಉತ್ತರ ಹೇಡಿಯೋ, ಯುದ್ಧವನ್ನೇ ಕಾಣದ ಹುಡುಗನೋ ಎಂಬ ವಾದ ಎದ್ದಿತು. ಹೇಳುವ ಮಾತಿಗೆ ಪದ್ಯದ ಸಾಲನ್ನೇ ಆಧಾರವಾಗಿ ಓದಿ ತೋರಿಸಬೇಕೆಂಬುದಷ್ಟೇ ನಾನು ಹಾಕಿದ ನಿಯಮ.

ಪರೀಕ್ಷೆಗೆ ಬೇಕಾದ ಸಾರಾಂಶವನ್ನು ಈಗ ಕೊನೆಯಲ್ಲಿ ಅವರೇ ಬರೆಯುತ್ತಾರೆ. ವಾಕ್ಯಗಳು ಅಲ್ಲಲ್ಲಿ ತೊಡರುತ್ತವೆ, ಆದರೆ ಒಬ್ಬರ ಬರಹ ಇನ್ನೊಬ್ಬರದರಂತಿಲ್ಲ. ಮುಂದೆ ಹರಿಹರನ ರಗಳೆಯನ್ನು ಇದೇ ಕ್ರಮದಲ್ಲಿ ಕೈಗೆತ್ತಿಕೊಳ್ಳಲಿದ್ದೇನೆ.