ಎದೆ ನಡುವಿನ ದಾನ್‌ಜೊಂಗ್ ಪಾಯಿಂಟ್‌ಗೆ ಸೂಜಿ ಹಾಕಿಸಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಿಂಗಪುರದಲ್ಲಿದ್ದೇವೆ. ನನ್ನ ಹೆಂಡತಿ ಬಾಣಂತಿ, ಹಾಲು ಸಾಲುತ್ತಿಲ್ಲ. ಪಕ್ಕದ ಮನೆಯ ಚೀನೀ ಆಂಟಿ ಒಂದು ಅಕ್ಯುಪಂಕ್ಚರ್ (ಚೀನೀ ಸೂಜಿ ಚಿಕಿತ್ಸೆ) ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿನವರು ಎದೆ ಮಧ್ಯದಲ್ಲಿ ‘ದಾನ್‌ಜೊಂಗ್’ ಅನ್ನೋ ಜಾಗಕ್ಕೆ ಸೂಜಿ ಹಾಕ್ತೀನಿ ಅಂದರು. ಅದರ ಹಿಂದೇನೇ ಹೃದಯ ಅಲ್ವಾ? ಹೆದರಿ ವಾಪಸ್ ಬಂದೆವು.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಹಾಕಿಸಬಹುದು, ಆದರೆ ಸೂಜಿ ಹೇಗೆ ಹೋಗುತ್ತೆ ಅನ್ನೋದು ಇಲ್ಲಿ ಬಹಳ ಮುಖ್ಯ.

ಚೀನೀ ವೈದ್ಯದಲ್ಲಿ ‘ಚೀ’ ಅಂದರೆ ಜೀವಶಕ್ತಿ, ಅದು ಹರಿಯುವ ದಾರಿಗಳೇ ನಾಡಿಗಳು. ಹೊಟ್ಟೆ, ಎದೆಯ ನಡುಗೆರೆಯಲ್ಲಿ ಮೇಲಕ್ಕೆ ಬರುವ ರೆನ್ ನಾಡಿಯಲ್ಲಿ 24 ಪಾಯಿಂಟ್‌ಗಳಿವೆ. ದಾನ್‌ಜೊಂಗ್ 17ನೆಯದು. ಪಟಗಳಲ್ಲಿ ‘ಸಿವಿ 17’ ಅಂತಲೋ ‘ರೆನ್ 17’ ಅಂತಲೋ ಇರುತ್ತೆ, ಕೆಲವರು ಶಾನ್‌ಜೊಂಗ್ ಅಂತಲೂ ಬರೀತಾರೆ. ಅವರ ಲೆಕ್ಕದಲ್ಲಿ ಮೈಯ ‘ಚೀ’ ಎಲ್ಲಾ ಬಂದು ಕೂಡುವ ಜಾಗ ಇದು. ಹೃದಯದ ಹೊರಚೀಲಕ್ಕೆ ಮೈಯ ಮುಂಭಾಗದಲ್ಲಿರುವ ಪಾಯಿಂಟೂ ಇದೇ. ಹಾಗಾಗಿ ಎದೆ ಬಿಗಿತ, ಕೆಮ್ಮು, ಬಿಕ್ಕಳಿಕೆ, ಬಾಣಂತಿಯರ ಹಾಲು ಎಲ್ಲದಕ್ಕೂ ಇದನ್ನೇ ಹಿಡಿಯುತ್ತಾರೆ.

ಇಲ್ಲಿ ಸೂಜಿಯನ್ನು ನೆಟ್ಟಗೆ ಚುಚ್ಚಬಾರದು. ಚರ್ಮ ಚಿವುಟಿ ಎತ್ತಿ, ಅದರ ಅಡಿಯಲ್ಲೇ ಅಡ್ಡಡ್ಡ ಮಲಗಿಸಿ ತೂರಿಸಬೇಕು. ಹಾಲಿನ ಸಮಸ್ಯೆಗಾದರೆ ತುದಿಯನ್ನು ಮೊಲೆಯ ಕಡೆ ತಿರುಗಿಸುತ್ತಾರೆ. ಆಳ ಎಷ್ಟು ಅಂದರೆ ರೋಗಿಯ ಹೆಬ್ಬೆರಳಿನ ಅರ್ಧ ಅಗಲ, ಅಷ್ಟೇ.

ಕೆಳಗೆ ಗಟ್ಟಿ ಎದೆಮೂಳೆ ಇದೆಯಲ್ಲ, ಭಯ ಯಾಕೆ ಅನ್ನಬಹುದು. ನೂರರಲ್ಲಿ ಸುಮಾರು ಐದು ಜನಕ್ಕೆ ಆ ಮೂಳೆಯ ಕೆಳಭಾಗದಲ್ಲಿ ಹುಟ್ಟಿನಿಂದಲೇ ಒಂದು ತೂತು ಇರುತ್ತೆ. ಹೊರಗಿನಿಂದ ಮುಟ್ಟಿದರೆ ಗೊತ್ತಾಗಲ್ಲ. ನೆಟ್ಟಗೆ ಹಾಕಿದ ಸೂಜಿ ಅದರೊಳಗಿಂದ ಹೃದಯಕ್ಕೇ ತಾಗಬಹುದು. ಇಂಥ ಒಂದು ಸಾವಿನ ವರದಿ 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ತೀರಾ ಅಪರೂಪ, ನಿಜ. ಆದರೂ “ಮೂಳೆ ತಡೆಯುತ್ತೆ ಬಿಡಿ” ಅನ್ನೋರ ಕೈಗೆ ಎದೆ ಕೊಡಬೇಡಿ.

ಸಿಂಗಪುರದಲ್ಲಿ ಚೀನೀ ವೈದ್ಯಕ್ಕೆ 2000ರಿಂದ ಕಾಯ್ದೆ ಇದೆ, ಚಿಕಿತ್ಸೆ ಕೊಡೋರು ನೋಂದಣಿ ಮಾಡಿಸಿರಲೇಬೇಕು. ಅದನ್ನು ನೋಡಿ. ಸೂಜಿ ಅಡ್ಡ ಹಾಕ್ತೀರಾ ಅಂತ ನೇರವಾಗಿ ಕೇಳಿ, ಬೇಜಾರು ಮಾಡಿಕೊಂಡರೆ ಎದ್ದು ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ.

ಇನ್ನು ಹಾಲಿನ ವಿಷಯ. ಸೂಜಿಯ ಮೇಲೆ ಜಾಸ್ತಿ ಭಾರ ಹಾಕಬೇಡಿ. ಮಗು ತೊಟ್ಟನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಬಾಯಿಗೆ ತಗೊಳ್ತಿದೆಯಾ ನೋಡಿ. ಮಗುವಿನ ತೂಕ ಏರ್ತಿದೆಯಾ ಅಂತ ಮಕ್ಕಳ ಡಾಕ್ಟರ ಹತ್ತಿರ ತೋರಿಸಿ. ಮೊಲೆ ಕೆಂಪಾಗಿ ಜ್ವರ ಬಂದರೆ ಕಾಯಬೇಡಿ, ಆಸ್ಪತ್ರೆಗೇ ಹೋಗಿ.

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ. ಅಮ್ಮನಿಗೆ ವಯಸ್ಸು 61, ಶುಗರ್ ಇದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತೆ. ಗ್ಯಾಸು ಅಂತಾರೆ. ವಿಡಿಯೋ ನೋಡಿ ಈ ಪಾಯಿಂಟ್ ಒತ್ತಿಕೊಳ್ತಾರೆ, ಸ್ವಲ್ಪ ಹೊತ್ತಿಗೆ ಕಡಿಮೆ ಆಗುತ್ತೆ.

ಉತ್ತರ: ಒತ್ತೋದು ನಿಲ್ಲಿಸಿ, ನಾಳೆ ಬೆಳಿಗ್ಗೆಯೇ ಇಸಿಜಿ ಮಾಡಿಸಿ. ಹತ್ತಿದಾಗ ಬಂದು, ಕೂತಾಗ ಹೋಗುವ ಬಿಗಿತ ಹೃದಯದ್ದಿರಬಹುದು. ಕಡಿಮೆ ಆಗಿದ್ದು ಒತ್ತಿದ್ದಕ್ಕಲ್ಲ, ಕೂತು ಸುಧಾರಿಸಿಕೊಂಡಿದ್ದಕ್ಕೇ ಇರಬಹುದು ಅಲ್ವಾ? ಶುಗರ್ ಇರೋರಿಗೆ ನೋವು ಜೋರಾಗಿ ಗೊತ್ತಾಗದೆಯೂ ಹೃದಯಾಘಾತ ಆಗುತ್ತೆ. ಇಸಿಜಿ ಸರಿ ಬಂದರೂ ಮೆಟ್ಟಿಲಿನ ವಿಷಯ ಡಾಕ್ಟರಿಗೆ ಹೇಳಿ, ಬೇರೆ ಪರೀಕ್ಷೆ ಬೇಕಾಗಬಹುದು. ಸುಮ್ನೆ ಕೂತಾಗಲೂ ಬಿಗಿತ ಬಂದರೆ, ಬೆವರಿದರೆ, ದವಡೆ ಇಲ್ಲವೇ ಎಡಗೈ ಎಳೆದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ದಾನ್‌ಜೊಂಗ್ ಎರಡು ತೊಟ್ಟಿನ ಮಧ್ಯ ಇರುತ್ತೆ ಅಂತಾರಲ್ಲ ಅಕ್ಕ, ಹೆಂಗಸರಲ್ಲಿ ಅದು ಸರಿಯಾಗಿ ಸಿಗುತ್ತಾ? ನನಗೆ ಹೃದಯದ ತೊಂದರೆ ಏನಿಲ್ಲ, ಪರೀಕ್ಷೆ ಆಗಿದೆ. ಟೆನ್ಷನ್‌ಗೆ ಒತ್ತಿಕೊಳ್ಳೋಣ ಅಂತ.

ಉತ್ತರ: ಸಿಗಲ್ಲ. ಪಕ್ಕೆಲುಬು ಎಣಿಸಿ. ಗಂಟಲ ಗುಳಿಯಿಂದ ಬೆರಳು ಜಾರಿಸುತ್ತಾ ಬಂದರೆ ಎದೆಮೂಳೆ ಮೇಲೆ ಒಂದು ಅಡ್ಡ ಉಬ್ಬು ಸಿಗುತ್ತೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅದರ ಕೆಳಗಿನ ಸಂದು ಎರಡನೆಯದು, ಹಾಗೇ ಇಳಿದು ನಾಲ್ಕನೇ ಸಂದಿಗೆ ಬನ್ನಿ. ಆ ಮಟ್ಟದಲ್ಲಿ ನಡುಗೆರೆ ಮೇಲೆ ಬೆರಳಿಡಿ. ಅಲ್ಲಿ ಒತ್ತಿದರೆ ತುಂಬಾ ಜನಕ್ಕೆ ನೋಯುತ್ತೆ, ಅದನ್ನೇ ರೋಗ ಅಂದುಕೊಳ್ಳಬೇಡಿ. ಬೆರಳಲ್ಲಿ ಮೆತ್ತಗೆ ಸುತ್ತಿಸಿ, ಉಸಿರು ನಿಧಾನಕ್ಕೆ ಬಿಡಿ. ಒಂದೆರಡು ನಿಮಿಷ ಸಾಕು. ಪೆನ್ನು, ಕಡ್ಡಿ ಹಿಡಿದು ಒತ್ತೋದು ಬೇಡ.