ಬೇಸಿಗೆ ರಜೆಗೆ ಕಪ್ಪತಗುಡ್ಡ, ಮಕ್ಕಳ ಜೊತೆ ಆಗುತ್ತಾ?

ಹುಬ್ಬಳ್ಳಿಯವ: ಮೇ ರಜೆಯಲ್ಲಿ ಮಗಳನ್ನು, ಅಣ್ಣನ ಮಗನನ್ನು ಕರೆದುಕೊಂಡು ಕಪ್ಪತಗುಡ್ಡ ಹತ್ತುವ ಯೋಚನೆ ಇದೆ. ಸುಮ್ನೆ ನಡೆಸಿದರೆ ಇಬ್ಬರಿಗೂ ಬೇಜಾರು, ಅದಕ್ಕೇ ನಕ್ಷೆ, ದಿಕ್ಸೂಚಿ ಕೊಟ್ಟು ಜಾಗ ಹುಡುಕುವ ಓರಿಯೆಂಟೀರಿಂಗ್ ಆಡಿಸೋಣ ಅಂತ. ಈ ಬಿಸಿಲಲ್ಲಿ ಆಗುತ್ತಾ?

ಗದಗಿನ ಗಾಳಿ: ಆಗುತ್ತೆ ಸರ್, ಬೆಳಿಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ಇಳಿದುಬಿಡಿ. ಮೇಲೆ ಕುರುಚಲು ಗಿಡಗಳೇ ಜಾಸ್ತಿ, ನೆರಳು ಕಡಿಮೆ. ಗಾಳಿ ಜೋರಾಗಿರುವುದರಿಂದ ಬೆವರು ಅಲ್ಲಲ್ಲೇ ಆರಿಹೋಗಿ, ಮೈಯಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗಲ್ಲ. ಉಪ್ಪು ಹಾಕಿದ ಮಜ್ಜಿಗೆ ಒಯ್ಯಿರಿ. 2019ರಿಂದ ಅದು ವನ್ಯಜೀವಿಧಾಮ. ಅರಣ್ಯ ಇಲಾಖೆಯವರನ್ನು ಕೇಳದೆ ದಾರಿ ಬಿಟ್ಟು ಒಳಗೆ ನುಗ್ಗಬೇಡಿ.

ಧಾರವಾಡದ ಅಕ್ಕ: ಹುಡುಕಾಟದ ಆಟಕ್ಕೆ ಗುಡ್ಡ ಯಾಕೆ, ನಿಮ್ಮೂರಿನ ನೃಪತುಂಗ ಬೆಟ್ಟ ಇದೆ ಅಲ್ವಾ? 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್, ಸಣ್ಣಪುಟ್ಟ ಗುರುತು ಅದರಲ್ಲಿ ಕಾಣಲ್ಲ, ಮಕ್ಕಳಿಗೆ ಅದು ಸಾಲದು. ಬೆಂಚು, ಮೆಟ್ಟಿಲು, ನಲ್ಲಿ ಎಲ್ಲಾ ಹಾಕಿ ನೀವೇ ಒಂದು ನಕ್ಷೆ ಬಿಡಿಸಿ. ನಕ್ಷೆಯ ಉತ್ತರ ದಿಕ್ಕನ್ನು ದಿಕ್ಸೂಚಿಯ ಮುಳ್ಳಿಗೆ ಹೊಂದಿಸಿ ಹಿಡಿಯೋದು ಬಂದರೆ ಅರ್ಧ ಆಟ ಬಂದಂಗೆ.

ಗದಗಿನ ಗಾಳಿ: ಅಕ್ಕಾರು ಹೇಳಿದ್ದು ಖರೇ. ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರೂ ಇದೆ, ಅಂಥ ಬಂಡೆ ಮೇಲೆ ದಿಕ್ಸೂಚಿ ಇಟ್ಟರೆ ಅದು ಮುಳ್ಳನ್ನು ಪಕ್ಕಕ್ಕೆ ಎಳೆಯಬಹುದು. ಕೈಯಲ್ಲಿ ಎತ್ತಿ ಹಿಡಿದು ನೋಡಿ.